ಹನ್ನೊಂದು ಲಕ್ಷದಲ್ಲಿ ಹನ್ನೊಂದು ಹುಡುಗಿಯರು

2011ರ ಜನಗಣತಿಯ ಪ್ರಕಾರ ಯಾದಗಿರಿ ಜಿಲ್ಲೆಯ ಜನಸಂಖ್ಯೆ 11,74,271. ಬಾಲ್ಟಿಕ್ ಸಮುದ್ರದ ದಂಡೆಯಲ್ಲಿ ಎಸ್ಟೋನಿಯಾ ಎಂಬ ದೇಶವಿದೆ. ಅಲ್ಲಿರುವವರು ಹದಿಮೂರು ಲಕ್ಷ ಚಿಲ್ಲರೆ ಜನ. ಶಹಾಪುರ, ಸುರಪುರ, ಯಾದಗಿರಿಗಳನ್ನು ಒಟ್ಟಿಗೆ ಎತ್ತಿ ಅಲ್ಲಿಟ್ಟರೆ ಹೆಚ್ಚುಕಡಿಮೆ ಒಂದು ಎಸ್ಟೋನಿಯಾ ಆದೀತು. ಆ ದೇಶಕ್ಕೆ ಅಧ್ಯಕ್ಷರಿದ್ದಾರೆ, ಸೈನ್ಯವಿದೆ, ವಿಶ್ವಕಪ್ ಅರ್ಹತಾ ಪಂದ್ಯಗಳನ್ನು ಆಡುವ ಮಹಿಳಾ ಫುಟ್‌ಬಾಲ್ ತಂಡವೂ ಇದೆ.

ಆ ತಂಡವನ್ನು ಭಾರತ ಒಮ್ಮೆ ಸೋಲಿಸಿದೆ. 2024ರ ಫೆಬ್ರುವರಿ 21ರಂದು ಟರ್ಕಿಯ ಅಲಾನ್ಯದಲ್ಲಿ ನಡೆದ ಟರ್ಕಿಶ್ ಮಹಿಳಾ ಕಪ್ ಪಂದ್ಯ ಅದು. ಮನೀಷಾ ಕಲ್ಯಾಣ್ ಎರಡು, ಇಂದುಮತಿ ಕದಿರೇಶನ್ ಮತ್ತು ಪ್ಯಾರಿ ಖಾಖಾ ಒಂದೊಂದು ಗೋಲು ಹೊಡೆದರು. ಫಲಿತಾಂಶ 4-3. ಯುರೋಪಿನ ಹಿರಿಯರ ತಂಡವೊಂದರ ಮೇಲೆ ಭಾರತದ ಹೆಣ್ಣುಮಕ್ಕಳ ಮೊದಲ ಗೆಲುವು ಎಂದು ಪತ್ರಿಕೆಗಳು ಬರೆದವು. ಅದೇ ಟೂರ್ನಿಯ ಕೊನೆಯ ಪಂದ್ಯದಲ್ಲಿ ಇನ್ನೊಂದು ಪುಟ್ಟ ದೇಶ ಕೊಸೊವೊ ಕಟ್ಟಕಡೆಯ ಗಳಿಗೆಯಲ್ಲಿ ಗೋಲು ಹೊಡೆದು ನಮ್ಮ ಕೈಯಿಂದ ಕಪ್ ಕಸಿದುಕೊಂಡಿತು. ಆಗ ತಂಡದ ಕೋಚ್ ಆಗಿದ್ದವರು ಮಣಿಪುರದ ಲಾಂಗಮ್ ಚಾವೊಬಾ ದೇವಿ. ಅದಕ್ಕೆ ಮೊದಲು ಬೆಂಗಳೂರಿನ ಕಿಕ್‌ಸ್ಟಾರ್ಟ್ ಕ್ಲಬ್ಬನ್ನು ತಯಾರು ಮಾಡಿದವರು ಅವರೇ.

ನೂರನಾಲ್ವತ್ತು ಕೋಟಿ ಜನರ ದೇಶ ಹದಿಮೂರು ಲಕ್ಷದವರನ್ನು ಒಂದು ಗೋಲಿನ ಅಂತರದಲ್ಲಿ ಗೆದ್ದು ಖುಷಿಪಟ್ಟಿತು. ನಗುವವರು ನಗಬಹುದು. ಆದರೆ ಜನಸಂಖ್ಯೆಯ ಲೆಕ್ಕ ಹಿಡಿದು ಫುಟ್‌ಬಾಲ್ ಅಳೆಯಲು ಹೊರಟವರಿಗೆ ಯುರೋಪಿನ ಸಣ್ಣ ದೇಶಗಳು ಎರಡೂ ಕಡೆಯಿಂದ ಪೆಟ್ಟು ಕೊಡುತ್ತವೆ.

ಐಸ್‌ಲ್ಯಾಂಡಿನಲ್ಲಿರುವವರು ನಾಲ್ಕು ಲಕ್ಷದೊಳಗೆ. ನಮ್ಮ ಜಿಲ್ಲೆಯ ಮೂರನೆಯ ಒಂದು ಪಾಲು. ಆ ದೇಶದ ಮಹಿಳಾ ತಂಡ 2009ರಿಂದ 2025ರವರೆಗಿನ ಎಲ್ಲ ಐದು ಯುರೋಪಿಯನ್ ಚಾಂಪಿಯನ್‌ಷಿಪ್‌ಗಳಲ್ಲಿ ಆಡಿದೆ. 2013ರಲ್ಲಿ ಕ್ವಾರ್ಟರ್‌ಫೈನಲ್ ತಲುಪಿತು. 2017ರ ಅಕ್ಟೋಬರಿನಲ್ಲಿ ಜರ್ಮನಿಯನ್ನು ಜರ್ಮನಿಯಲ್ಲೇ 3-2ರಿಂದ ಸೋಲಿಸಿತು. 2024ರ ಜುಲೈನಲ್ಲಿ ತನ್ನೂರು ರೇಕ್ಯವಿಕ್‌ನಲ್ಲಿ ಅದೇ ಜರ್ಮನಿಗೆ 3-0 ತೋರಿಸಿತು. ಇನ್ನೊಂದು ಕಡೆ ಲಾಟ್ವಿಯಾ ನೋಡಿ. ಎಸ್ಟೋನಿಯಾದ ಪಕ್ಕದ ಮನೆ, ಸುಮಾರು ಹತ್ತೊಂಬತ್ತು ಲಕ್ಷ ಜನ, ಅಂದರೆ ಐಸ್‌ಲ್ಯಾಂಡಿನ ಐದು ಪಟ್ಟು. 2021ರ ನವೆಂಬರ್ 30ರಂದು ಇಂಗ್ಲೆಂಡಿನ ಎದುರು ಅದು ಸೋತದ್ದು 20-0ರಿಂದ. ಚಿಕ್ಕ ದೇಶ ಅಂದಕೂಡಲೇ ಶಿಸ್ತು, ಸಾಧನೆ ಅನ್ನುವುದು ಸುಳ್ಳು. ದೊಡ್ಡದು ಅಂದಕೂಡಲೇ ಬಲ ಅನ್ನುವುದೂ ಸುಳ್ಳು. ಹೀಗಿರುವಾಗ ಐಸ್‌ಲ್ಯಾಂಡಿನಲ್ಲಿ ಇದ್ದದ್ದು ಏನು, ಅದರಲ್ಲಿ ನಮ್ಮ ಜಿಲ್ಲೆಯ ಶಿರವಾಳದಂಥ ಊರಿಗೆ ಬರಬಹುದಾದದ್ದು ಎಷ್ಟು ಎಂದು ಕೇಳಬೇಕು.

ಅಲ್ಲಿನ ತೊಂದರೆ ಚಳಿ ಮತ್ತು ಗಾಳಿ. ವರ್ಷದ ಅರ್ಧ ಬಯಲಿನಲ್ಲಿ ಚೆಂಡು ಉರುಳಿಸುವ ಹಾಗಿಲ್ಲ. ಅದಕ್ಕೆ 2000ದ ಆಸುಪಾಸಿನಿಂದ ಊರೂರಿಗೆ ದೊಡ್ಡ ಚಾವಣಿಯ ಒಳಾಂಗಣ ಮೈದಾನಗಳನ್ನು ಕಟ್ಟಿದರು. ಅವುಗಳ ಹಿಂದೆ ಸ್ಥಳೀಯ ಆಡಳಿತಗಳ ದುಡ್ಡಿದೆ, ಅಂದರೆ ನಮ್ಮ ಪುರಸಭೆಯಂಥವರ ದುಡ್ಡು. ಶಾಲೆ ಮುಗಿಸಿದ ಹುಡುಗ ಹುಡುಗಿಯರಿಬ್ಬರಿಗೂ ಅಲ್ಲಿ ವೇಳೆ ಹಂಚಿದೆ. ಮೊದಲನೆಯದು ಈ ಮೈದಾನಗಳಾದರೆ ಎರಡನೆಯದು ತರಬೇತುದಾರರು. ಚಿಕ್ಕ ಮಕ್ಕಳಿಗೆ ಕಲಿಸುವವರಿಗೂ ಯುರೋಪಿಯನ್ ಫುಟ್‌ಬಾಲ್ ಒಕ್ಕೂಟದ ಪರವಾನಗಿ ಇರಬೇಕು, ಅವರಿಗೆ ಸಂಬಳ ಸಲ್ಲಬೇಕು. ಮೂರನೆಯದು ಹೆಣ್ಣುಮಕ್ಕಳು ಸಮಾನವಾಗಿ ನಿಂತದ್ದು, ಅದು ಹೆಚ್ಚು ಹಳೆಯದು. 1975ರ ಅಕ್ಟೋಬರ್ 24ರಂದು ಆ ದೇಶದ ಹೆಂಗಸರು ಒಂದು ದಿನ ಮನೆಗೆಲಸ, ಕಚೇರಿ ಕೆಲಸ ಎಲ್ಲ ಬಿಟ್ಟು ಬೀದಿಗಿಳಿದರು. ಹೆಣ್ಣುಮಕ್ಕಳ ಲೀಗ್ ಅದಕ್ಕೂ ಮೊದಲೇ, 1972ರಲ್ಲಿ ಶುರುವಾಗಿತ್ತು. 2018ರಲ್ಲಿ ಪುರುಷರ ಮತ್ತು ಮಹಿಳೆಯರ ರಾಷ್ಟ್ರೀಯ ತಂಡಗಳಿಗೆ ಗೆಲುವಿನ ಬೋನಸ್ ಒಂದೇ ಎಂದು ಅವರ ಒಕ್ಕೂಟ ಗೊತ್ತುಮಾಡಿತು.

ಆ ತಂಡದ ಪರ ಅತಿ ಹೆಚ್ಚು, 79 ಗೋಲು ಹೊಡೆದ ಮಾರ್ಗ್ರೆತ್ ಲಾರಾ ವಿದಾರ್ಸ್‌ದೋತ್ತಿರ್ ರಾಜಧಾನಿಯವಳಲ್ಲ. ವೆಸ್ಟ್‌ಮನ್ ದ್ವೀಪದವಳು. ಅಲ್ಲಿ ನಾಲ್ಕು ಸಾವಿರ ಚಿಲ್ಲರೆ ಜನ, ಕಸುಬು ಮೀನುಗಾರಿಕೆ. ನಮ್ಮ ಕಡೆ ಅದನ್ನು ಒಂದು ಸಾಧಾರಣ ಹಳ್ಳಿ ಅನ್ನುತ್ತೇವೆ. ಅಂಥ ಕಡೆ ಹುಟ್ಟಿದ ಹುಡುಗಿಗೆ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಕ್ಲಬ್ ಇತ್ತು, ಕಲಿಸುವವರಿದ್ದರು, ಆಡಲು ಪಂದ್ಯಗಳಿದ್ದವು. ನನ್ನ ಮಟ್ಟಿಗೆ ಇಡೀ ವಿಷಯ ಇಲ್ಲಿದೆ. ಪ್ರತಿಭೆ ಎಂಬುದು ಎಲ್ಲ ಊರಲ್ಲೂ ಹುಟ್ಟುತ್ತದೆ. ಪಂದ್ಯಗಳ ಪಟ್ಟಿ ಎಲ್ಲ ಊರಿಗೂ ಬರುವುದಿಲ್ಲ.

ಈಗ ಕರ್ನಾಟಕಕ್ಕೆ ಬರೋಣ. ಫುಟ್‌ಬಾಲ್ ನಮಗೆ ಹೊಸದಲ್ಲ. ಮೈಸೂರು ರಾಜ್ಯದ ಹೆಸರಿನಲ್ಲಿ ಸಂತೋಷ್ ಟ್ರೋಫಿ ನಾಲ್ಕು ಸಲ ಬಂದಿದೆ. 1968-69ರ ನಂತರ ಐವತ್ತನಾಲ್ಕು ವರ್ಷ ಕಾದು, 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಮತ್ತೆ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಬೆಂಗಳೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. ಇದೆಲ್ಲ ಗಂಡಸರ ಕಥೆ ಮತ್ತು ಬಹುಪಾಲು ಬೆಂಗಳೂರಿನ ದಂಡು ಪ್ರದೇಶದ ಕಥೆ.

ಹೆಂಗಸರ ಕಥೆಯೂ ಅಷ್ಟೇನೂ ಈಚಿನದಲ್ಲ. 1975ರಲ್ಲಿ ದೇಶದಲ್ಲಿ ಮಹಿಳೆಯರಿಗಾಗಿಯೇ ಬೇರೆ ಫುಟ್‌ಬಾಲ್ ಒಕ್ಕೂಟ ಹುಟ್ಟಿತು. ಐದೇ ವರ್ಷದೊಳಗೆ ಕೋಳಿಕ್ಕೋಡಿನಲ್ಲಿ ಏಷ್ಯಾ ಚಾಂಪಿಯನ್‌ಷಿಪ್ ನಡೆದಾಗ ಭಾರತ ಉತ್ತರ, ದಕ್ಷಿಣ ಎಂದು ಎರಡು ತಂಡಗಳನ್ನು ಇಳಿಸಿತ್ತು. ಫೈನಲ್ ತನಕ ಹೋದದ್ದು ದಕ್ಷಿಣದ ತಂಡ. 1983ರಲ್ಲಿ ಬ್ಯಾಂಕಾಕ್‌ನಲ್ಲಿ ಮತ್ತೊಮ್ಮೆ ರನ್ನರ್ಸ್ ಅಪ್. ಆ ಕಾಲದಲ್ಲಿ ಬೆಂಗಳೂರಿನ ಚಿತ್ರಾ ಗಂಗಾಧರನ್ ಭಾರತದ ಪರ ಆಡಿದರು, ಏಷ್ಯಾದ ಆಯ್ದ ಆಟಗಾರ್ತಿಯರ ತಂಡಕ್ಕೂ ಕರೆ ಪಡೆದರು. ಸಂಬಳವಿಲ್ಲ, ರೈಲಿನಲ್ಲಿ ಸೀಟು ಕಾಯ್ದಿರಿಸುವವರಿಲ್ಲ, ಶಾಲಾ ಕೋಣೆಗಳೇ ವಸತಿ. ಅಷ್ಟರಲ್ಲೇ ಏಷ್ಯಾದಲ್ಲಿ ಎರಡನೆಯ ಸ್ಥಾನ! ಆಗ ಯುರೋಪಿನ ಎಷ್ಟೋ ಸಣ್ಣ ದೇಶಗಳಲ್ಲಿ ಹೆಣ್ಣುಮಕ್ಕಳ ರಾಷ್ಟ್ರೀಯ ತಂಡವೇ ಇರಲಿಲ್ಲ. ಐಸ್‌ಲ್ಯಾಂಡ್ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿದ್ದು 1981ರಲ್ಲಿ. ಮಾಲ್ಟಾ 2003ರಲ್ಲಿ, ಲಕ್ಸೆಂಬರ್ಗ್ 2006ರಲ್ಲಿ. ಲಿಕ್ಟನ್‌ಸ್ಟೈನ್ ಎಂಬ ನಲವತ್ತು ಸಾವಿರ ಜನರ ದೇಶ ತನ್ನ ಹೆಣ್ಣುಮಕ್ಕಳನ್ನು ಮೈದಾನಕ್ಕಿಳಿಸಿದ್ದು 2021ರಲ್ಲಿ. ಇಂಗ್ಲೆಂಡಿನಂಥ ಇಂಗ್ಲೆಂಡೇ 1921ರಿಂದ ಸುಮಾರು ಐವತ್ತು ವರ್ಷ ತನ್ನ ಮೈದಾನಗಳ ಬಾಗಿಲನ್ನು ಹೆಂಗಸರಿಗೆ ಹಾಕಿತ್ತು. ಅಂದರೆ ನಾವು ತಡವಾಗಿ ಹೊರಟವರಲ್ಲ. ಮೊದಲೇ ಹೊರಟು ದಾರಿಯಲ್ಲಿ ಕೂತುಬಿಟ್ಟವರು.

1990ರ ದಶಕದಲ್ಲಿ ಮಹಿಳಾ ಫುಟ್‌ಬಾಲ್ ಅಖಿಲ ಭಾರತ ಒಕ್ಕೂಟದ ಕೈಗೆ ಬಂತು. ರಾಷ್ಟ್ರೀಯ ಚಾಂಪಿಯನ್‌ಷಿಪ್ 1991ರಲ್ಲಿ ಹೊಸದಾಗಿ ಶುರುವಾಯಿತು. ಅದರ ವಿಜೇತರ ಪಟ್ಟಿ ಓದಿದರೆ ಬೇಸರ ಬರುವಷ್ಟು ಸಲ ಒಂದೇ ಹೆಸರು: ಮಣಿಪುರ. 2011ರಲ್ಲಿ ಅದರ ಜನಸಂಖ್ಯೆ ಇಪ್ಪತ್ತೆಂಟು ಲಕ್ಷ ಚಿಲ್ಲರೆ. ಗೆದ್ದದ್ದು ಇಪ್ಪತ್ತಕ್ಕೂ ಹೆಚ್ಚು ಸಲ. ಆ ಪಟ್ಟಿಯಲ್ಲಿ ಕರ್ನಾಟಕ ಇಲ್ಲ. ಇದು ಅವಮಾನಕ್ಕೆ ಹೇಳುವ ಮಾತಲ್ಲ, ಲೆಕ್ಕದ ಮಾತು. ಮಣಿಪುರದಲ್ಲಿ ಊರ ಕ್ಲಬ್ಬುಗಳು ಹೆಣ್ಣುಮಕ್ಕಳ ತಂಡ ಕಟ್ಟುತ್ತವೆ, ಊರವರೇ ಚಂದಾ ಎತ್ತುತ್ತಾರೆ. ಪದ್ಮಶ್ರೀ ಪಡೆದ ಓಯಿನಮ್ ಬೆಂಬೆಮ್ ದೇವಿ ಅಂಥ ಮಣ್ಣಿನಿಂದ ಬಂದವರು. ಅವರ ಹಿಂದೆ ಅಂಥದೇ ಹತ್ತಾರು ಮಂದಿ ಬಂದರು.

ಕರ್ನಾಟಕದಲ್ಲಿ ಈಚೆಗೆ ಆಗಿರುವ ಒಳ್ಳೆಯ ಕೆಲಸ ಬೆಂಗಳೂರಿನದು. 2017ರಲ್ಲಿ ಇಂಡಿಯನ್ ವಿಮೆನ್ಸ್ ಲೀಗ್ ಶುರುವಾದ ಮೇಲೆ ರಾಜ್ಯಗಳಿಗೂ ತಮ್ಮ ಮಹಿಳಾ ಲೀಗ್ ನಡೆಸುವ ಅಗತ್ಯ ಬಿತ್ತು. ಬೆಂಗಳೂರಿನಲ್ಲೂ ಅದು ಶುರುವಾಗಿ ಕಿಕ್‌ಸ್ಟಾರ್ಟ್, ಮಿಸಾಕಾ ಯುನೈಟೆಡ್, ಮಾತೃ ಪ್ರತಿಷ್ಠಾನದಂಥ ಕ್ಲಬ್ಬುಗಳು ಹೆಸರು ಮಾಡಿದವು. 2020ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಲೀಗಿನ ಫೈನಲ್ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನಲ್ಲಿ ನಡೆದು ಗೋಕುಲಂ ಕೇರಳ ಕಪ್ ಎತ್ತಿತು. 2023ರ ಮೇನಲ್ಲಿ ಕಿಕ್‌ಸ್ಟಾರ್ಟ್ ಫೈನಲ್ ತಲುಪಿತು. ಅಹಮದಾಬಾದಿನಲ್ಲಿ ಅದೇ ಗೋಕುಲಂ 5-0ಯಿಂದ ಕೆಡವಿದರೂ ಕರ್ನಾಟಕದ ಕ್ಲಬ್ಬೊಂದು ಅಲ್ಲಿವರೆಗೆ ಹೋದದ್ದು ದೊಡ್ಡದೇ. ಲೀಗಿನ ಪ್ರತಿ ಕ್ಲಬ್ ಕನಿಷ್ಠ ಹತ್ತು ಆಟಗಾರ್ತಿಯರಿಗೆ ವರ್ಷಕ್ಕೆ 3.2 ಲಕ್ಷ ರೂಪಾಯಿಗೆ ಕಡಿಮೆಯಾಗದ ಒಪ್ಪಂದ ಕೊಡಬೇಕು ಎಂಬ ನಿಯಮವೂ ಆ ವರ್ಷ ಬಂತು. ಕೂಲಿಯ ಲೆಕ್ಕ ಬಲ್ಲ ನಮ್ಮ ಕಡೆಯ ತಂದೆಗೆ ಈ ಅಂಕಿ ಹೇಳಿದರೆ ಅವನು ಕಿವಿ ನಿಮಿರಿಸಿಯೇ ಕೇಳುತ್ತಾನೆ.

ಆದರೆ ಆ ತಂಡಗಳ ಪಟ್ಟಿ ಬಿಡಿಸಿ ನೋಡಿ. ಮಣಿಪುರದವರು, ತಮಿಳುನಾಡಿನವರು, ಒಡಿಶಾ, ಹರಿಯಾಣದವರು, ಹೊರದೇಶದವರು, ಜೊತೆಗೆ ಬೆಂಗಳೂರಿನ ಒಂದಿಷ್ಟು ಮಂದಿ. ಕರ್ನಾಟಕ ತಂಡದ ನಾಯಕಿಯಾಗಿ ಹೆಸರಾದ ತನ್ವಿ ಹನ್ಸ್ ಕೂಡ ದೆಹಲಿಯಲ್ಲಿ ಬೆಳೆದು, ಇಂಗ್ಲೆಂಡಿನಲ್ಲಿ ಆಡಿ ಬಂದವರು. ಇದರಲ್ಲಿ ತಪ್ಪೇನಿಲ್ಲ. ಕ್ಲಬ್ ಅಂದಮೇಲೆ ಆಡಬಲ್ಲವರನ್ನು ತರುತ್ತದೆ. ಪ್ರಶ್ನೆ ಇಷ್ಟೇ: ಕೃಷ್ಣಾ, ಭೀಮಾ ದಂಡೆಯ ಹುಡುಗಿ ಆ ಪಟ್ಟಿಗೆ ಹೋಗುವ ದಾರಿ ಎಲ್ಲಿ ಶುರುವಾಗುತ್ತದೆ? ರಾಜ್ಯದ ಫುಟ್‌ಬಾಲ್ ಸಂಸ್ಥೆ ಕರ್ನಾಟಕದ್ದು. ಲೀಗಿನ ಮೈದಾನಗಳು ಹೆಚ್ಚಾಗಿ ಬೆಂಗಳೂರಿನವು. ಯಾದಗಿರಿಯಿಂದ ಅಲ್ಲಿಗೆ ಒಂದು ರಾತ್ರಿಯ ರೈಲು.

ವಿಚಿತ್ರವೆಂದರೆ ಆ ರೈಲು ನಮ್ಮವರಿಗೆ ಚೆನ್ನಾಗಿ ಗೊತ್ತು. ತೊಗರಿ, ಹತ್ತಿ ಮುಗಿದ ಮೇಲೆ ಗಂಟುಮೂಟೆ ಕಟ್ಟಿ ಗುಳೆ ಹೋಗುವ ಮಂದಿಯಲ್ಲಿ ಹಲವರು ಬೆಂಗಳೂರಿನ ದಾರಿ ಹಿಡಿಯುತ್ತಾರೆ, ಇನ್ನು ಕೆಲವರು ಪುಣೆ, ಮುಂಬಯಿ. ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ತಮ್ಮನನ್ನು ಸೊಂಟದ ಮೇಲೆ ಹೊತ್ತು ನಿಂತ ಹನ್ನೆರಡು ವರ್ಷದ ಹುಡುಗಿ, ಎದುರಿನ ಬಲೆ ಹಾಕಿದ ಹಸಿರು ಟರ್ಫಿನಲ್ಲಿ ಗಂಟೆಗಿಷ್ಟು ಅಂತ ಬಾಡಿಗೆ ಕೊಟ್ಟು ಆಡುವವರನ್ನು ನೋಡುತ್ತಾಳೆ. ಬೆಂಗಳೂರಿಗೆ ಹೋಗಿ ಅವಳು ಫುಟ್‌ಬಾಲಿನ ಹತ್ತಿರ ಬಂದಳು ಅನ್ನಬಹುದೇ?

ಜಿಲ್ಲೆಯ ಸಂಗತಿ ಸಿಹಿ ಮಾಡಿ ಹೇಳುವಂಥದ್ದಲ್ಲ. 2011ರಲ್ಲಿ ಇಲ್ಲಿನ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕೊನೆ. ಹೆಣ್ಣುಮಕ್ಕಳದು ಶೇ 41.38. ಹೈಸ್ಕೂಲು ಮುಗಿಯುವುದರೊಳಗೆ ಮದುವೆಯ ಮಾತು ಬರುವ ಮನೆಗಳು ಇನ್ನೂ ಇವೆ. ಹಳೆಯ ಗುಡಿಗಳಿಗೆ ಹೆಸರಾದ ಶಿರವಾಳದಂಥ ಊರಲ್ಲಿ ಸಂಜೆ ಬಯಲು ಸಿಕ್ಕಿದರೆ ಅಲ್ಲಿ ಗಂಡುಹುಡುಗರ ಕ್ರಿಕೆಟ್ಟು. ಹೆಣ್ಣುಮಕ್ಕಳಿಗೆ ಆಟವೆಂದರೆ ಶಾಲೆಯ ಅಂಗಳದ ಖೋಖೋ, ಕಬಡ್ಡಿ, ಥ್ರೋಬಾಲ್, ಓಟ. ಅವುಗಳಲ್ಲಿ ಅವರು ಚುರುಕು, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಖೋಖೋದಲ್ಲಿ ಥಟ್ಟನೆ ದಿಕ್ಕು ಬದಲಿಸುವ ಕಾಲು, ಕಬಡ್ಡಿಯಲ್ಲಿ ಮೈಗೆ ಮೈ ತಾಗಿದರೂ ಹೆದರದ ಧೈರ್ಯ, ಇವೆರಡೂ ಫುಟ್‌ಬಾಲಿಗೆ ಬೇಕಾದವೇ.

ಮೈದಾನದ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮದು ಹೆಚ್ಚಿನ ಕಡೆ ಎರೆ ಮಣ್ಣು. ಮಳೆ ಬಿದ್ದರೆ ಕಾಲಿಗೆ ಅರ್ಧ ಸೇರು ಮಣ್ಣು ಮೆತ್ತಿಕೊಳ್ಳುತ್ತದೆ, ಚೆಂಡು ಉರುಳುವುದಿಲ್ಲ. ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಿರುಕು, ಕಾಲು ಸಿಕ್ಕರೆ ಹಿಮ್ಮಡಿಗೆ ಅಪಾಯ. ಮಾರ್ಚ್‌ನಿಂದ ಬಿಸಿಲು, ಹಗಲಲ್ಲಿ ಆಟದ ಮಾತೇ ಇಲ್ಲ. ಐಸ್‌ಲ್ಯಾಂಡಿನವರಿಗೆ ಚಳಿ ಹೇಗೋ ನಮಗೆ ಈ ಮಣ್ಣು, ಈ ಬಿಸಿಲು ಹಾಗೆ. ಅವರು ಚಾವಣಿ ಹಾಕಿದರು. ನಮಗೆ ಅಷ್ಟು ಬೇಡ: ಎರೆಯ ಮೇಲೆ ಮೊರಂ ಹಾಕಿ, ಉರುಳುಗಲ್ಲು ಹೊಡೆದು, ನೀರು ಹರಿದುಹೋಗಲು ಸುತ್ತ ಕಾಲುವೆ ತೆಗೆದ ಒಂದು ಮಟ್ಟಸವಾದ ಬಯಲು, ಸಂಜೆ ಏಳರವರೆಗೆ ಎರಡು ಕಂಬದ ದೀಪ. ಮಸಾರಿ ನೆಲ ಇರುವ ಊರಿನಲ್ಲಿ ಇದರ ಅರ್ಧ ಕೆಲಸವೂ ಇಲ್ಲ. ಪೂರ್ತಿ ಅಳತೆಯ ಮೈದಾನಕ್ಕೆ ನೂರು ಮೀಟರ್ ಉದ್ದ ಬೇಕು, ನಿಜ. ಚಿಕ್ಕವರಿಗೆ ಏಳೇಳು ಮಂದಿಯ ಆಟ ಆಡಿಸಿದರೆ ಅದರ ಅರ್ಧ ಸಾಕು. ಯುರೋಪಿನ ಮಕ್ಕಳು ಶುರುಮಾಡುವುದೂ ಅಷ್ಟರಿಂದಲೇ.

ಇನ್ನು ಉಡುಪು. ಚಡ್ಡಿ ಹಾಕಿ ಬಯಲಿನಲ್ಲಿ ಓಡಬೇಕೇ ಎಂಬ ಪ್ರಶ್ನೆ ಮನೆಯಲ್ಲಿ ಏಳುತ್ತದೆ. ನಿಯಮ ಬಲ್ಲವರು ಇಲ್ಲಿ ಮಾತಾಡಬೇಕು. ಚಡ್ಡಿಯ ಒಳಗೆ ಕಾಲುಮುಚ್ಚುವ ಬಿಗಿ ಪೈಜಾಮ ತೊಡಲು ಅಡ್ಡಿಯಿಲ್ಲ. ತಲೆವಸ್ತ್ರವನ್ನೂ 2014ರಿಂದ ಫುಟ್‌ಬಾಲಿನ ನಿಯಮ ಒಪ್ಪಿದೆ. ಶಹಾಪುರದ, ಸುರಪುರದ ಮುಸ್ಲಿಂ ಮನೆಯ ಹುಡುಗಿಗೂ, ಲಿಂಗಾಯತರ, ಬೇಡರ, ಮಾದಿಗರ, ಲಂಬಾಣಿ ತಾಂಡಾದ ಹುಡುಗಿಗೂ ಬಟ್ಟೆಯ ಕಾರಣಕ್ಕೆ ಬಾಗಿಲು ಮುಚ್ಚಬೇಕಿಲ್ಲ.

ಇಂಥ ನೆಲದಲ್ಲಿ ಇದು ಆಗುವ ಹೋಗುವ ಮಾತೇ ಅನ್ನುವವರು ಹರಿಯಾಣದ ಭಿವಾನಿ ಜಿಲ್ಲೆಯ ಅಲಖ್‌ಪುರಾ ಎಂಬ ಊರಿನ ಕಡೆ ನೋಡಬೇಕು. ಹೆಣ್ಣುಮಕ್ಕಳ ಮೇಲೆ ಕಟ್ಟುಪಾಡು ನಮಗಿಂತ ಕಡಿಮೆ ಇರುವ ಸೀಮೆ ಅದಲ್ಲ. ಅಲ್ಲಿನ ಸರ್ಕಾರಿ ಶಾಲೆಯ ಪಿ.ಟಿ. ಮಾಸ್ತರು ಗಂಡುಹುಡುಗರಿಗೆ ಕಬಡ್ಡಿ ಕಲಿಸುತ್ತಿದ್ದರು. ನಮಗೂ ಆಟ ಬೇಕು ಎಂದು ಹುಡುಗಿಯರು ಗಂಟುಬಿದ್ದಾಗ ಒಂದು ಚೆಂಡು ಕೊಟ್ಟು ಆಡಿಕೊಳ್ಳಿ ಅಂದರಂತೆ. ಆಡುತ್ತ ಆಡುತ್ತ ಊರ ತುಂಬ ಆಟಗಾರ್ತಿಯರಾದರು. ಶಾಲಾ ಮಕ್ಕಳ ಸುಬ್ರತೋ ಕಪ್ ಗೆದ್ದರು. ಮಹಿಳಾ ಲೀಗಿನ ಮೊದಲ ವರ್ಷವೇ ಅಲಖ್‌ಪುರಾ ಎಂಬ ಹಳ್ಳಿಯ ಹೆಸರಿನ ತಂಡ ಮೈದಾನಕ್ಕಿಳಿಯಿತು. ಊರಲ್ಲಿ ಇದನ್ನು ಉಳಿಸಿದ್ದು ಬರೀ ಮೋಹವಲ್ಲ. ಕ್ರೀಡಾ ಕೋಟಾದಲ್ಲಿ ರೈಲ್ವೆ, ಪೊಲೀಸ್, ಸಶಸ್ತ್ರ ಪಡೆಗಳಲ್ಲಿ ಕೆಲಸ ಸಿಗುವುದು ಕಣ್ಣಿಗೆ ಕಂಡಿತು. ತಂದೆತಾಯಿ ಒಪ್ಪಿದ್ದು ಆ ಲೆಕ್ಕದ ಮೇಲೆ. ಒಪ್ಪಲಿ ಬಿಡಿ, ಲೆಕ್ಕದ ಮೇಲೆ ಒಪ್ಪುವುದರಲ್ಲಿ ಕೊಂಕೇನಿದೆ?

ಜಾರ್ಖಂಡಿನ ರಾಂಚಿ ಬಳಿ 2009ರಲ್ಲಿ ಶುರುವಾದ ಯುವಾ ಎಂಬ ಸಂಸ್ಥೆ ಹಳ್ಳಿ ಹುಡುಗಿಯರಿಗೆ ಫುಟ್‌ಬಾಲ್ ಕಲಿಸುತ್ತ, ಅದರ ನೆಪದಲ್ಲಿ ಶಾಲೆಗೂ ಎಳೆಯಿತು. 2013ರಲ್ಲಿ ಅವರು ಸ್ಪೇನಿಗೆ ಹೋಗಿ ಟೂರ್ನಿ ಆಡಿ ಬಂದರು. ಅದೇ ರಾಜ್ಯದ ಗುಮ್ಲಾ ಜಿಲ್ಲೆಯ ಅಷ್ಟಮ್ ಒರಾವ್ 2022ರಲ್ಲಿ ಭಾರತದಲ್ಲೇ ನಡೆದ ಹದಿನೇಳರೊಳಗಿನವರ ವಿಶ್ವಕಪ್‌ನಲ್ಲಿ ನಮ್ಮ ನಾಯಕಿ. ಅವಳ ಗೌರವಕ್ಕೆಂದು ಊರಿಗೆ ರಸ್ತೆ ಮಾಡಿಸಿದರು; ಆ ರಸ್ತೆಯ ಕೆಲಸದಲ್ಲಿ ಅವಳ ತಂದೆತಾಯಿಯೇ ದಿನಗೂಲಿಗಳು. ನಮ್ಮ ಜಿಲ್ಲೆಯವರಿಗೆ ಈ ಸುದ್ದಿ ಅರ್ಥ ಮಾಡಿಸಿಕೊಡಬೇಕಿಲ್ಲ. ಆ ವಿಶ್ವಕಪ್‌ನಲ್ಲಿ ಭಾರತ ಅಮೆರಿಕಕ್ಕೆ 8-0, ಮೊರಾಕ್ಕೊಗೆ 3-0, ಬ್ರೆಜಿಲಿಗೆ 5-0ಯಿಂದ ಸೋತಿತು. ಮಕ್ಕಳ ತಪ್ಪಲ್ಲ. ಎದುರಿನವರು ಚಿಕ್ಕಂದಿನಿಂದ ಪಂದ್ಯ ಆಡುತ್ತ ಬಂದವರು, ನಮ್ಮವರು ಶಿಬಿರದಲ್ಲಿ ತಯಾರಾದವರು.

ಹಾಗೆಂದು ಹಿರಿಯರ ತಂಡ ಕೈಚೆಲ್ಲಿ ಕೂತಿಲ್ಲ. 2025ರ ಜುಲೈ 5ರಂದು ಚಿಯಾಂಗ್ ಮಾಯ್‌ನಲ್ಲಿ ಸಂಗೀತಾ ಬಾಸ್ಫೋರ್ ಹೊಡೆದ ಎರಡು ಗೋಲುಗಳಿಂದ ಥಾಯ್ಲೆಂಡನ್ನು ಅದರ ನೆಲದಲ್ಲೇ 2-1ರಿಂದ ಸೋಲಿಸಿ, ಅರ್ಹತಾ ಸುತ್ತು ದಾಟಿ 2026ರ ಏಷ್ಯನ್ ಕಪ್‌ಗೆ ಹೋಯಿತು. 2025ರಲ್ಲಿ ಫಿಫಾ ಪಟ್ಟಿಯಲ್ಲಿ ನಮ್ಮ ಗಂಡಸರು ನೂರಮೂವತ್ತರ ಆಚೆ ಜಾರಿದ್ದಾಗ ಹೆಂಗಸರು ಎಪ್ಪತ್ತರ ಒಳಗಿದ್ದರು. ಟಿ.ವಿ.ಯವರು ಯಾರನ್ನು ಹೆಚ್ಚು ತೋರಿಸಿದರು ಎಂದು ಬೇರೆ ಹೇಳಬೇಕೇ?

ಹಣದ ಮಾತಿಗೆ ಬಂದರೆ, ನಮ್ಮಲ್ಲಿ ಇಲ್ಲ ಅನ್ನುವ ಹಾಗಿಲ್ಲ. ಈ ಸೀಮೆಗೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರ ಬಜೆಟ್‌ನಲ್ಲಿ ಘೋಷಿಸಿದ್ದು 5,000 ಕೋಟಿ. ಅದರಲ್ಲಿ ರಸ್ತೆ, ಕಟ್ಟಡ, ಸಮುದಾಯ ಭವನಗಳಿಗೆ ಹೋಗುವುದು ನಮಗೆ ಕಾಣುತ್ತದೆ. ಬಳ್ಳಾರಿ ಸೀಮೆಯ ವಿಜಯನಗರದಲ್ಲಿ 2018ರಿಂದ ಜೆ.ಎಸ್.ಡಬ್ಲ್ಯು ಸಂಸ್ಥೆಯ ದೊಡ್ಡ ಕ್ರೀಡಾ ಕೇಂದ್ರ ನಡೆಯುತ್ತಿದೆ, ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿಯೂ ಅಲ್ಲೇ. ಆ ಅಕಾಡೆಮಿ ಗಂಡುಹುಡುಗರಿಗೆ. ಕಲ್ಯಾಣ ಕರ್ನಾಟಕದ ನೆಲದಲ್ಲೇ ಅಂಥ ಹಸಿರು ಮೈದಾನ ಬೆಳೆಸಬಹುದು ಎಂಬುದಕ್ಕಾದರೂ ಅದು ಸಾಕ್ಷಿ.

ದೊಡ್ಡ ಕ್ರೀಡಾಂಗಣದ ಶಂಕುಸ್ಥಾಪನೆ ನನಗೆ ಬೇಡ. ಅಂಥವುಗಳಲ್ಲಿ ಕಲ್ಲಿನ ಮೇಲಿನ ಹೆಸರುಗಳು ಆಟಗಾರರಿಗಿಂತ ಹೆಚ್ಚಿರುತ್ತವೆ. ಜಿಲ್ಲೆಯಲ್ಲಿ ಈಗಾಗಲೇ ಹೆಣ್ಣುಮಕ್ಕಳು ಒಟ್ಟಿಗೆ ಇರುವ ಜಾಗಗಳಿವೆ: ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳು, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು, ಮೊರಾರ್ಜಿ ದೇಸಾಯಿ ಶಾಲೆಗಳು. ಅಲ್ಲಿ ಹುಡುಗಿ ಸಂಜೆ ಹೊಲದಿಂದ ಬಂದು ರೊಟ್ಟಿ ಬಡಿಯಬೇಕಿಲ್ಲ, ತಮ್ಮನನ್ನು ನೋಡಿಕೊಳ್ಳಬೇಕಿಲ್ಲ, ಗುಳೆ ಹೋಗಬೇಕಿಲ್ಲ. ಊಟ ಸಿಗುತ್ತದೆ, ಸಂಜೆ ಎರಡು ತಾಸು ಸಿಗುತ್ತವೆ. ಐಸ್‌ಲ್ಯಾಂಡ್ ಕೋಟಿಗಟ್ಟಲೆ ಸುರಿದು ಹುಡುಗಿಯರಿಗೆ ದೊರಕಿಸಿದ ವೇಳೆ ನಮ್ಮ ವಸತಿ ಶಾಲೆಗಳಲ್ಲಿ ಬಳಕೆಯಾಗದೆ ಬಿದ್ದಿದೆ. ಇಲ್ಲದ್ದು ಕಲಿಸುವವರು. ರಾಜ್ಯದ ಫುಟ್‌ಬಾಲ್ ಸಂಸ್ಥೆ ಮತ್ತು ಕ್ರೀಡಾ ಇಲಾಖೆ ಸೇರಿ ಬೇಸಿಗೆ ರಜೆಯಲ್ಲಿ ಈ ಶಾಲೆಗಳ ದೈಹಿಕ ಶಿಕ್ಷಕ, ಶಿಕ್ಷಕಿಯರಿಗೆ ಒಕ್ಕೂಟದ ಮೊದಲ ಹಂತದ ಕೋಚಿಂಗ್ ಪರವಾನಗಿ ಕೊಡಿಸಬೇಕು, ಅದೂ ಬೆಂಗಳೂರಿನಲ್ಲಲ್ಲ, ಯಾದಗಿರಿಯಲ್ಲೋ ಕಲಬುರಗಿಯಲ್ಲೋ. ಆಮೇಲೆ ಒಂದು ಲೀಗ್: ಜೂನ್‌ನಿಂದ ಫೆಬ್ರುವರಿವರೆಗೆ, ಹದಿನೈದು ದಿನಕ್ಕೊಂದು ಪಂದ್ಯ, ಶಾಲೆಯಿಂದ ಶಾಲೆಗೆ. ವರ್ಷಕ್ಕೊಮ್ಮೆ ತಾಲೂಕು ಮಟ್ಟದಲ್ಲಿ ಎರಡು ಪಂದ್ಯ ಆಡಿ, ಪ್ರಮಾಣಪತ್ರ ಹಿಡಿದು, ಬಸ್ ಹತ್ತಿ ಬರುವುದನ್ನು ಆಟ ಅನ್ನಲಾಗದು. ಎಸ್ಟೋನಿಯಾದ ಹುಡುಗಿಗೂ ನಮ್ಮ ಹುಡುಗಿಗೂ ಇರುವ ಅಂತರ ಇದೇ ಪಂದ್ಯಗಳ ಸಂಖ್ಯೆ.

ಇಷ್ಟೆಲ್ಲ ಆದರೂ ಹತ್ತು ವರ್ಷದಲ್ಲಿ ಶಹಾಪುರ ತಾಲೂಕಿನಿಂದ ಭಾರತದ ತಂಡಕ್ಕೆ ಒಬ್ಬಳು ಹೋಗುತ್ತಾಳೆ ಎಂದು ನಾನು ಬರೆದುಕೊಡುವುದಿಲ್ಲ. ಲಾಟ್ವಿಯಾವನ್ನು ಮರೆತಿಲ್ಲ. ಆದರೆ ಎಂಟನೆಯ ತರಗತಿಗೆ ಶಾಲೆ ಬಿಡಬೇಕಿದ್ದ ಹುಡುಗಿ ತಂಡದ ಕಾರಣಕ್ಕೆ ಹತ್ತನೆಯವರೆಗೆ ಉಳಿದರೂ ಖರ್ಚು ಬಂತು ಅನ್ನುತ್ತೇನೆ.

ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ವಲಯ ಮಟ್ಟದ ಕ್ರೀಡೆಗಳಿಗೆ ತಂಡಗಳ ಹೆಸರು ಕೇಳುತ್ತಾರೆ. ಶಹಾಪುರ, ಸುರಪುರ, ಯಾದಗಿರಿ ತಾಲೂಕುಗಳ ಮುಖ್ಯಶಿಕ್ಷಕರಲ್ಲಿ ವಿನಂತಿ ಇಷ್ಟೇ: ಬಾಲಕಿಯರ ಫುಟ್‌ಬಾಲ್ ಎಂಬ ಸಾಲನ್ನು ಖಾಲಿ ಬಿಡಬೇಡಿ. ಹನ್ನೊಂದು ಹೆಸರು ಬರೆಯಿರಿ, ಬದಲಿಗೆಂದು ಇನ್ನೂ ನಾಲ್ಕು.